ಹಾಜಿರಾಬಿಯ ಎಂಟು ಗೂಟಗಳು

ಹಾಜಿರಾಬಿಗೆ ಹೇಸಿಗೆ ಬೇಗ ಬರುತ್ತಿರಲಿಲ್ಲ. ನಲವತ್ತು ವರ್ಷ ನೂಲಿಗೆ ಗಂಜಿ ಕಾಸಿದ ಹೆಂಗಸು. ಹುಳಿತ ಗಂಜಿಯ ವಾಸನೆ, ಗಟಾರದ ವಾಸನೆ, ಗಂಡನ ಕೊನೆಯ ಎರಡು ತಿಂಗಳ ಹಾಸಿಗೆಯ ವಾಸನೆ, ಎಲ್ಲವನ್ನೂ ಮೂಗು ಮುಚ್ಚದೆ ಕಂಡವಳು. ಅಂಥವಳು ಬೆಟಗೇರಿಯ ತನ್ನ ಓಣಿಯಲ್ಲಿ ಒಂದು ಹೊಸ ಗೋಡೆಯ ಮುಂದೆ ನಿಂತು ಥೂ ಎಂದು ಉಗುಳಿದಳು. ಗೋಡೆ ಚೆನ್ನಾಗಿಯೇ ಇತ್ತು. ಸುಣ್ಣ ಹಚ್ಚಿದ್ದರು. ಉಗುಳಿದ್ದು ಯಾಕೆಂದರೆ ಆ ಗೋಡೆಯ ಗೆರೆ ಹಾಕಿಕೊಟ್ಟವಳು ಅವಳೇ.

ಹುಟ್ಟಿದ್ದು ಅಸುಂಡಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಹದಿನಾಲ್ಕಕ್ಕೆ ಗೌಸಸಾಬನಿಗೆ ಕೊಟ್ಟರು. ಗೌಸಸಾಬನಿಗೆ ಸ್ವಂತ ಮಗ್ಗ ಇರಲಿಲ್ಲ. ಅವನು ಹಾಸು ಹಾಕುವವನು. ಸೀರೆಯ ಉದ್ದದ ಎಳೆಗಳನ್ನೆಲ್ಲ ಬಯಲಲ್ಲಿ ಎಳೆದು, ಎರಡೂ ತುದಿಯನ್ನು ಗೂಟಕ್ಕೆ ಬಿಗಿದು, ನಡುನಡುವೆ ಕತ್ತರಿಗಾಲಿನ ಕೋಲು ಕೊಟ್ಟು, ಬಿಸಿಲೇರುವ ಮೊದಲು ಗಂಜಿ ಹಚ್ಚಿ ಕುಂಚದಿಂದ ತಿಕ್ಕುವುದು ಅವನ ಕೆಲಸ. ಗಂಜಿ ಕಾಸುವುದು ಹೆಂಡತಿಯದು. ಓಣಿಯ ಮಗ್ಗಗಳೆಲ್ಲ ಅವರಿಬ್ಬರ ಕೈ ದಾಟಿಯೇ ಸೀರೆ ಕಾಣಬೇಕು. ಅವಳು ಎರಡು ಹಡೆದಳು. ಎರಡೂ ಉಳಿಯಲಿಲ್ಲ. ಆ ಮಾತನ್ನು ಗಂಡ ಹೆಂಡತಿ ಮತ್ತೆ ತೆಗೆಯಲಿಲ್ಲ.

ಗೌಸಸಾಬನ ಹತ್ತಿರ ಎಂಟು ಗೂಟ ಇದ್ದವು. ಜಾಲಿಯ ಕಟ್ಟಿಗೆ, ತಾನೇ ಕೆತ್ತಿದ್ದು. ತಲೆಯ ಮೇಲೆ ಕಾದ ಕಬ್ಬಿಣದಿಂದ ಎರಡು ಗೆರೆ ಸುಟ್ಟಿದ್ದ. ಓಣಿಯಲ್ಲಿ ಹಿರಿಯರಿಂದ ಬಂದ ಎರಡು ಕಟ್ಟಳೆ. ಹಸಿ ಹಾಸನ್ನು ಅಲುಗಿಸಬಾರದು, ಅಲುಗಿಸಿದರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಕೆಡುತ್ತದೆ. ಇನ್ನೊಬ್ಬರ ಗೂಟ ಕೀಳಬಾರದು. ಗೂಟ ನಿಂತಿರುವ ತನಕ ಆ ಜಾಗ ಗೂಟದವನದು. ಹಿಂದೂ ಮುಸಲ್ಮಾನ ಅನ್ನದೆ ಎಲ್ಲರೂ ಅದನ್ನು ಪಾಲಿಸುತ್ತಿದ್ದರು. ಕುಡಿದು ಬಂದವನೂ ಗೂಟ ಎಡವಿದರೆ ಬೈದುಕೊಂಡು ಸುತ್ತು ಹಾಕಿ ಹೋಗುತ್ತಿದ್ದ. ಕಿತ್ತು ಒಗೆಯುತ್ತಿರಲಿಲ್ಲ.

ಎಪ್ಪತ್ತೇಳನೆಯ ಇಸವಿಯಲ್ಲಿ ಗೌಸಸಾಬ ಸತ್ತ. ಹಾಸು ಹಾಕುವ ಕೆಲಸ ಬೇರೆಯವರಿಗೆ ಹೋಯಿತು, ಗಂಜಿಯ ಕೆಲಸ ಅವಳಿಗೆ ಉಳಿಯಿತು. ಎಂಟು ಗೂಟಗಳನ್ನು ಅವಳು ಹಳೇ ಲುಂಗಿಯಲ್ಲಿ ಸುತ್ತಿ ಗಂಟುಕಟ್ಟಿ ಮೂಲೆಗಿಟ್ಟಳು. ಶುಕ್ರವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದಳು. ಯಾರು ಕೇಳಿದರೂ ಕೊಡಲಿಲ್ಲ.

ಹಾಸು ಹಾಕುವ ಬಯಲು ಓಣಿಯ ನಡುವೆ ಇತ್ತು. ಮುಂಜಾನೆ ಹಾಸಿನದು, ಹಾಸು ಒಣಗಿ ಎತ್ತಿದ ಮೇಲೆ ಮಕ್ಕಳದು. ಒಂದು ಬೇವಿನ ಗಿಡ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮಳೆ ಬಂದರೆ ಕೆಸರು. ಆದರೂ ಓಣಿಯ ಹುಡುಗರು, ಹುಡುಗಿಯರು ಬೆಳೆದದ್ದೆಲ್ಲ ಅಲ್ಲಿಯೇ.

ಎಪ್ಪತ್ತೊಂಬತ್ತರಲ್ಲಿ ಸರಕಾರದವರು ಇದು ಮಕ್ಕಳ ವರ್ಷ ಅಂದರು. ಓಣಿಯಲ್ಲಿ ಒಂದು ಸುಧಾರಣಾ ಸಮಿತಿ ಇತ್ತು. ಅದಕ್ಕೆ ನೂಲಿನ ವ್ಯಾಪಾರಿ ಹುಚ್ಚೀರಪ್ಪ ಅಧ್ಯಕ್ಷ. ಅರ್ಧ ಓಣಿ ಅವನ ಅಂಗಡಿಯ ನೂಲು ತಂದು ನೇಯುತ್ತಿತ್ತು. ಅವನು ಸಭೆ ಸೇರಿಸಿ, ಬಯಲಿನಲ್ಲಿ ಮಕ್ಕಳ ತೋಟ ಮಾಡೋಣ, ಹೆಂಗಿರಬೇಕು ಅಂತ ಮಕ್ಕಳೇ ಹೇಳಲಿ ಎಂದ. ಹೊಸ ಮಾತು. ಎಲ್ಲರಿಗೂ ಹಿತವಾಯಿತು. ಹಾಜಿರಾಬಿಗೂ ಆಯಿತು. ಅದನ್ನು ಅವಳು ಮುಂದೆಂದೂ ಮುಚ್ಚಿಡಲಿಲ್ಲ.

ಶಾಲೆಯ ಅನ್ನಪೂರ್ಣವ್ವ ಅಕ್ಕೋರು ಮಕ್ಕಳನ್ನು ಬೇವಿನ ಕೆಳಗೆ ಕೂಡಿಸಿ ಪಾಟಿಯ ಮೇಲೆ ಚಿತ್ರ ಬರೆಯಿರಿ ಅಂದರು. ಹಾಜಿರಾಬಿ ಗಂಜಿಯ ಪಾತ್ರೆ ತಿಕ್ಕುತ್ತ ಕೂತವಳು ಎದ್ದು ಹೋಗಿ ನೋಡಿದಳು. ಎಲ್ಲ ಪಾಟಿಯ ಮೇಲೂ ಕಮಲದ ಕೆರೆ, ನವಿಲು, ಎರಡು ಗುಡ್ಡದ ನಡುವೆ ಸೂರ್ಯ. ಪುಸ್ತಕದಲ್ಲಿ ಕಂಡದ್ದು.

"ಇವು ಯಾವೂರಾಗ ಅದಾವ?" ಎಂದು ಕೇಳಿದಳು.

ಮಕ್ಕಳು ನಕ್ಕವು. ಅಕ್ಕೋರು ಸ್ವಲ್ಪ ಮುಜುಗರಪಟ್ಟು, ಮತ್ತೆ ನೀವೇ ಹೇಳ್ರಿ ಖಾಲಾ ಅಂದರು. ಓಣಿಯಲ್ಲಿ ದೊಡ್ಡವರು ಸಣ್ಣವರು ಎಲ್ಲರಿಗೂ ಅವಳು ಖಾಲಾ, ಚಿಕ್ಕವ್ವ.

ಅವಳಿಗೆ ಓದು ಬಾರದು. ಹಾಸಿನ ಲೆಕ್ಕ ಮಾತ್ರ ಗೊತ್ತು. ನೆಲದ ಮೇಲೆ ಎಳೆಯದೆ ಎಷ್ಟು ಉದ್ದ, ಎಷ್ಟು ಅಗಲ ಅಂತ ಯಾರಿಗೆ ತಿಳಿದೀತು? ಮನೆಗೆ ಹೋದಳು. ಮೂಲೆಯ ಗಂಟಿನ ಮುಂದೆ ಸ್ವಲ್ಪ ಹೊತ್ತು ಕೂತಳು. ಬಿಚ್ಚಿದಳು. ಎಂಟೂ ಗೂಟಗಳನ್ನು ಉಡಿಯಲ್ಲಿ ತಂದು ಮಕ್ಕಳ ಮುಂದೆ ಸುರಿದಳು. ಕೆಟ್ಟ ನೂಲಿನ ಉಂಡೆಯನ್ನೂ ಕೊಟ್ಟಳು. ಎಲ್ಲಿ ಏನು ಬೇಕೋ ಅಲ್ಲಿ ಹೊಡೆದು ನೂಲು ಎಳೆಯಿರಿ ಅಂದಳು.

ಮೂರು ಸಂಜೆ ನಡೆಯಿತು ಕೆಲಸ. ಆ ಬಯಲಿನ ಬಗ್ಗೆ ಮಕ್ಕಳಿಗೆ ಗೊತ್ತಿದ್ದಷ್ಟು ಯಾವ ದೊಡ್ಡವರಿಗೂ ಗೊತ್ತಿರಲಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಮಧ್ಯಾಹ್ನ ನೆರಳು ಎಲ್ಲಿಗೆ ಸರಿಯುತ್ತದೆ, ಯಾವ ಮೂಲೆಯಲ್ಲಿ ಗಾಜಿನ ಚೂರು ಇವೆ, ಎಲ್ಲ. ಹತ್ತು ವರ್ಷದ ಅಲ್ಮಾಸಬಿ ಹುಡುಗಿಯರ ಮೂಲೆಯನ್ನು ಮನೆಗಳ ಬಾಗಿಲ ಕಡೆಗೆ ಎಳೆಸಿದಳು. ಅಲ್ಲಿ ಆಡಿದರೆ ತಾಯಂದಿರು ಒಳಗಿನಿಂದಲೇ ನೋಡಬಹುದು, ಬೇಗ ಒಳಗೆ ಬಾ ಅನ್ನುವುದಿಲ್ಲ. ನಡುವೆ ಒಂದು ಉದ್ದನೆಯ ಪಟ್ಟಿ ಖಾಲಿ ಬಿಟ್ಟರು. ಅದು ಯಾಕೆ ಅಂತ ಅಕ್ಕೋರು ಕೇಳಿದರು. ಮುಂಜಾನೆ ಹಾಸು ಹಾಕಾಕ ಬೇಕಲ್ರಿ ಅಂದವು ಮಕ್ಕಳು. ಹಾಜಿರಾಬಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸುತ್ತಲಿನ ಅಂಚಿನ ಬಗ್ಗೆ ಮಾತ್ರ ಜಗಳವಾಯಿತು. ಕೆಲವರು ತಂತಿ ಅಂದರು, ಕೆಲವರು ಏನೂ ಬೇಡ ಅಂದರು. ನೇಕಾರ ಹೊಳೆಯಪ್ಪನ ಮಗ ನೀಲಪ್ಪನಿಗೆ ಒಂದು ಕಾಲು ಸಣ್ಣದು, ಹುಟ್ಟಿದ ಎರಡನೆಯ ವರ್ಷದ ಜ್ವರದಲ್ಲಿ ಹೋದದ್ದು. ಅವನು ಆಟಕ್ಕೆ ಬಂದರೆ ನಿಂತು ನೋಡಬೇಕು, ನಿಂತು ನಿಂತು ಕಾಲು ನೋಯಬೇಕು. ಅವನು ಅಂದ:

"ಸುತ್ತ ಒಂದು ಕಟ್ಟಿ ಇರಲಿ. ನಾ ಹಿಡಕೊಂಡು ಅಡ್ಡಾಡತೇನಿ, ಸಾಕಾದ್ರ ಕುಂಡ್ರತೇನಿ."

"ಎಷ್ಟು ಎತ್ತರಲೇ?" ಅಂದಳು ಅಲ್ಮಾಸಬಿ.

ಅವನು ಒಂದು ಕಲ್ಲಿನ ಮೇಲೆ ಕೂತು ತನ್ನ ಮೊಣಕಾಲಿಗೆ ಕೈ ಮುಟ್ಟಿಸಿ ತೋರಿಸಿದ. ಇಷ್ಟು. ಹಾಜಿರಾಬಿ ಅವನ ಮೊಣಕಾಲಿನಿಂದ ನೆಲಕ್ಕೆ ನೂಲು ಹಿಡಿದು ಅಳೆದು ಗಂಟು ಹಾಕಿದಳು. ನಾಲ್ಕೂ ಕಡೆ ದಾರಿ ಬಿಟ್ಟು ಹೊರಗಿನ ಗೆರೆಗೆ ಗೂಟ ಹೊಡೆದರು. ಓಣಿಯವರಿಗೆ ಹಾಜಿರಾಬಿ ಖಡಕ್ಕಾಗಿ ಹೇಳಿದಳು, ಇವು ಈಗ ಮಕ್ಕಳ ಗೂಟ, ಯಾರೂ ಕೀಳಬಾರದು.

ಹುಚ್ಚೀರಪ್ಪ ಬಂದ. ಗಂಟು ಹಾಕಿದ ನೂಲನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡ. ನೀಲಪ್ಪನ ತಲೆ ಸವರಿದ. ಮೊಣಕಾಲೆತ್ತರ ಅಂದರೆ ಮೊಣಕಾಲೆತ್ತರ ಅಂದ. ಬುನಾದಿ ಓಣಿಯವರೇ ತೋಡಿಕೊಟ್ಟರೆ ಬೇಗ ಆಗುತ್ತದೆ ಅಂದ. ತೋಡಿದರು. ಮಗ್ಗ ನಿಲ್ಲಿಸಿ ಎರಡು ದಿನ ತೋಡಿದರು, ಗಂಡಸರು ಗುದ್ದಲಿ, ಹೆಂಗಸರು ಬುಟ್ಟಿ. ಗೂಟಗಳನ್ನು ಅಲುಗಿಸದೆ ಅವುಗಳ ಪಕ್ಕಕ್ಕೇ ತೋಡಿದರು. ಬುನಾದಿ ಕಟ್ಟೆಗೆ ಬೇಕಾದದ್ದಕ್ಕಿಂತ ಆಳವಾಯಿತು. ಭದ್ರ ಇರಲಿ ಅಂದ ಹುಚ್ಚೀರಪ್ಪ. ಭದ್ರ ಇರಲಿ ಅಂದರು ಎಲ್ಲರೂ. ಇಷ್ಟು ಆಳ ಯಾಕೆ ಅಂತ ಯಾರ ತಲೆಗೂ ಹೊಳೆಯಲಿಲ್ಲ. ಹಾಜಿರಾಬಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಹಿರೇವಡ್ಡಟ್ಟಿಯಲ್ಲಿ ಅವಳ ತಂಗಿ ಬಿದ್ದು ಸೊಂಟ ಮುರಿದುಕೊಂಡಳು. ಹಾಜಿರಾಬಿ ಹೋಗಿ ಒಂದು ತಿಂಗಳು ಅಲ್ಲಿಯೇ ಉಳಿದಳು.

ತಿರುಗಿ ಬಂದಾಗ ಬಯಲು ಕಾಣಲಿಲ್ಲ. ಆಳೆತ್ತರದ ಗೋಡೆ. ಗೋಡೆಯ ತಲೆಯ ಮೇಲೆ ಒಡೆದ ಸೋಡಾಬಾಟಲಿಯ ಗಾಜು ಚುಚ್ಚಿದ್ದರು. ನಾಲ್ಕು ದಾರಿಯಲ್ಲಿ ಮೂರು ಮುಚ್ಚಿ ಒಂದಕ್ಕೆ ಎರಡು ಕದದ ಕಬ್ಬಿಣದ ಬಾಗಿಲು, ಬಾಗಿಲಿಗೆ ಕೀಲಿ. ಬಾಗಿಲ ಪಕ್ಕದಲ್ಲಿ ನುಣ್ಣನೆಯ ಕಲ್ಲು, ಅದರ ಮೇಲೆ ಕೆತ್ತಿದ ಹೆಸರುಗಳು. ಅಲ್ಮಾಸಬಿ ಓದಿ ಹೇಳಿದಳು. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು. ಮಕ್ಕಳ ತೋಟದ ಕಲ್ಲಿನ ಮೇಲೆ ಒಂದು ಮಗುವಿನ ಹೆಸರೂ ಇಲ್ಲ. ಹಾಜಿರಾಬಿ ಕದದ ಸಂದಿಯಿಂದ ಒಳಗೆ ಇಣುಕಿದಳು. ಕಮಲದ ಆಕಾರದ ಸಿಮೆಂಟಿನ ಕಾರಂಜಿ, ಒಣಗಿದ್ದು. ಮಳೆಗೆ ಮಕ್ಕಳು ನಿಲ್ಲಲಿ ಅಂತ ಹಾಕಿದ ತಗಡಿನ ಮಾಡಿನ ಕೆಳಗೆ ನೂಲಿನ ಮೂಟೆಗಳು. ಹುಚ್ಚೀರಪ್ಪನ ಅಂಗಡಿಯವು.

ಗೋಡೆಯ ಹೊರಮೈ ಆಗಲೇ ಒದ್ದೆ. ಹೋಗುವವರು ಬರುವವರು ಅದಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಎಲೆಅಡಿಕೆಯ ಕೆಂಪು ಉಗುಳು ಸುಣ್ಣದ ಮೇಲೆ ಇಳಿದಿತ್ತು. ಆ ನಾತ ಅವಳ ಗಂಜಿಯ ಒಲೆಯ ತನಕ ಬರುತ್ತಿತ್ತು. ಬಯಲಿದ್ದಾಗ ಅಲ್ಲಿ ಯಾರೂ ಹಾಗೆ ನಿಂತವರಲ್ಲ. ಹಾಸು ಹಾಕುವ ನೆಲ ಅಂತ ಒಂದು ಅಂಜಿಕೆ ಇತ್ತು. ಗೋಡೆ ಎದ್ದಿತು, ಅಂಜಿಕೆ ಬಿದ್ದಿತು.

ಗೂಟ ಎಲ್ಲಿ ಅಂತ ಕೇಳಿದಳು. ಕಟ್ಟಿದ ಗೌಂಡಿಗಳು ಹೊರಗಿನವರು, ಅವರಿಗೆ ಓಣಿಯ ಕಟ್ಟಳೆ ಏನು ಗೊತ್ತು. ಕಿತ್ತು ಚಹಾ ಕಾಸಿಕೊಂಡಿದ್ದರು. ಗೋಡೆಯ ಮೂಲೆಗೆ ಮೂರು ಕಲ್ಲಿನ ಒಲೆ ಇನ್ನೂ ಇತ್ತು. ಹಾಜಿರಾಬಿ ಕುಕ್ಕರುಗಾಲಲ್ಲಿ ಕೂತು ಬೂದಿಯಲ್ಲಿ ಕೈ ಆಡಿಸಿದಳು. ಏನೂ ಸಿಗಲಿಲ್ಲ. ಜಾಲಿ ಕಟ್ಟಿಗೆ ಪೂರ್ತಿ ಉರಿಯುತ್ತದೆ, ಅದು ಅವಳಿಗೆ ಗೊತ್ತಿದ್ದ ಮಾತೇ.

ಆಗಲೇ ಅವಳು ಎದ್ದು ಗೋಡೆಗೆ ಉಗುಳಿದ್ದು.

ಓಣಿಯವರ ಮಾತು ಕೇಳಿ ಇನ್ನಷ್ಟು ಹೇಸಿದಳು. ಒಬ್ಬ ಚಂದ ಆಗೇತಿ ಅಂದ. ಇನ್ನೊಬ್ಬಳು, ನಮ್ಮ ಓಣಿ ಈಗ ಗದಗಿನಂಗ ಕಾಣತೈತಿ ಅಂದಳು. ತಾವೇ ತೋಡಿದ ಬುನಾದಿಯ ಮೇಲೆ ತಮ್ಮ ಮಕ್ಕಳನ್ನೇ ಹೊರಗಿಟ್ಟ ಗೋಡೆ ಎದ್ದಿದೆ, ಅದರ ಮುಂದೆ ನಿಂತು ಹಲ್ಲು ಕಿಸಿಯುತ್ತಿದ್ದರು. ಯಾಕೆಂದರೆ ನೂಲು ಹುಚ್ಚೀರಪ್ಪನದು. ಹೊಟ್ಟೆಯ ಅಂಜಿಕೆ ಇರಲಿ, ಅದು ಅವಳಿಗೂ ಇತ್ತು. ಆದರೆ ಅಂಜಿದವನು ಸುಮ್ಮನಿರಬೇಕು. ಹೊಗಳುವುದು ಯಾಕೆ?

ಹುಚ್ಚೀರಪ್ಪನ ಅಂಗಡಿಗೆ ಹೋದಳು. ಅವನು ಗಾದಿಯ ಮೇಲೆ ಒರಗಿದ್ದ. ಬರ್ರಿ ಹಾಜಿರಾಬಿ, ಕುಂಡ್ರಿ ಅಂದ. ಅವಳು ಕೂರಲಿಲ್ಲ. ಗಂಟು ಹಾಕಿದ ನೂಲಿನ ತುಂಡು ಅವನ ಮುಂದಿಟ್ಟಳು.

"ಇದು ನೀಲಪ್ಪನ ಮೊಣಕಾಲರಿ ಸಾವಕಾರ್ರ. ನಿಮ್ಮ ಗ್ವಾಡಿ ಯಾರ ಮೊಣಕಾಲಿನ ಅಳತಿ?"

ಅವನಿಗೆ ಸಿಟ್ಟು ಬರಲಿಲ್ಲ. ದನ ನುಗ್ಗುತ್ತವೆ, ಕುಡುಕರು ಬರುತ್ತಾರೆ, ಗೋಡೆ ಮಕ್ಕಳ ಸಲುವಾಗಿಯೇ ಅಂದ. ಸಂಜೆ ಐದಕ್ಕೆ ಕೀಲಿ ತೆಗೆಸುತ್ತೇನೆ, ಆರಕ್ಕೆ ಹಾಕಿಸುತ್ತೇನೆ ಅಂದ. ಆ ಹೊತ್ತಿಗೆ ಹುಡುಗಿಯರು ನಳಕ್ಕೆ ಕೊಡ ಹಿಡಿದು ಸಾಲು ನಿಂತಿರುತ್ತಾರೆ, ಹುಡುಗರು ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತಿರುತ್ತಾರೆ ಅಂತ ಹೇಳಿದಳು. ಹಾಗಾದರೆ ಅವರಿಗೆ ತೋಟದ ಹಂಬಲ ಇಲ್ಲ ಅಂತ ಆಯಿತಲ್ಲ ಅಂದು ನಕ್ಕ. ಮಕ್ಕಳನ್ನು ಕೇಳಿದ್ದು ಯಾಕೆ ಮತ್ತೆ ಅಂದಳು.

"ಕೇಳಬೇಕಂತ ಮ್ಯಾಲಿನವ್ರು ಹೇಳಿದ್ರು. ಕೇಳಿದಿವಿ. ಕೇಳೂದು ಬ್ಯಾರೆ, ಮಾಡೂದು ಬ್ಯಾರೆ," ಎಂದು ಎಲೆಅಡಿಕೆಯ ತಟ್ಟೆ ಮುಂದೆ ಸರಿಸಿದ.

ಅವಳು ಮುಟ್ಟದೆ ಬಂದಳು. ಸುಳ್ಳು ಹೇಳಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಖರೆ ಹೇಳಿದ್ದಕ್ಕೇ ಅವಳಿಗೆ ಹೇಸಿಗೆ ಬಂತು.

ಬರುವಾಗ ನೀಲಪ್ಪ ಗೋಡೆಯ ಬುಡದಲ್ಲಿ ನಿಂತಿದ್ದ. ಹಿಡಿದು ಅಡ್ಡಾಡುತ್ತೇನೆ ಅಂದವನಿಗೆ ಹಿಡಿಯಬೇಕಾದಲ್ಲಿ ಉಚ್ಚೆಯ ತೇವ. ಅವಳನ್ನು ಕಂಡು ಅಂಗಿಯ ಒಳಗಿನಿಂದ ಏನೋ ತೆಗೆದ. ಒಂದು ಗೂಟ. ತಲೆಯ ಮೇಲೆ ಎರಡು ಗೆರೆ.

"ಒಂದ ಸಿಕ್ತು ಖಾಲಾ. ಉಳದವು ಅವ್ರು ಕೊಡಲಿಲ್ಲ. ನಾನೂ ಓಡಾಕ ಆಗೂದಿಲ್ಲಲ್ಲ."

ಹಾಜಿರಾಬಿ ಅದನ್ನು ಇಸಿದುಕೊಂಡಳು. ಮನೆಗೆ ಹೋಗಿ ಲುಂಗಿಯಲ್ಲಿ ಸುತ್ತಲಿಲ್ಲ. ಬಾಗಿಲ ಹತ್ತಿರ, ಕೈಗೆ ಸಿಗುವಂತೆ ಇಟ್ಟಳು. ಆವತ್ತು ಉಣ್ಣಲಿಲ್ಲ. ಮಕ್ಕಳಿಗೆ ಆ ನೆಲ ತಿರುಗಿ ಸಿಗದಿದ್ದರೆ ಗೌಸಸಾಬನ ಏಳು ಗೂಟ ಚಹಾಕ್ಕೆ ಉರಿದದ್ದೇ ಲೆಕ್ಕ. ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಎಂಟು ದಿನದಲ್ಲಿ ಉದ್ಘಾಟನೆ. ಹೊರಗಿನ ದೊಡ್ಡ ಮನುಷ್ಯರು ಬರುತ್ತಾರೆ ಅಂದರು. ಮಕ್ಕಳು ಬಿಳಿ ಅಂಗಿ ಹಾಕಿ ಹಾಡು ಹೇಳಬೇಕು, ಆರತಿಯ ತಟ್ಟೆ ಹಿಡಿಯಬೇಕು. ಅನ್ನಪೂರ್ಣವ್ವ ಅಕ್ಕೋರು ಮುಖ ಸಣ್ಣದು ಮಾಡಿಕೊಂಡು ಹಾಡು ಕಲಿಸುತ್ತಿದ್ದರು.

ಹೊಳೆಯಪ್ಪನ ಮನೆಯಲ್ಲಿ ಬೇರೆ ಚಿಂತೆ. ಬಯಲು ಹೋದ ಮೇಲೆ ಹಾಸು ಹಾಕಲು ಜಾಗ ಇಲ್ಲ. ಓಣಿಯ ದಾರಿ ಸೊಟ್ಟ, ಸೈಕಲ್ಲು ಗಾಡಿ ತಿರುಗಾಡುತ್ತವೆ. ಹುಚ್ಚೀರಪ್ಪ ಕೊಟ್ಟ ನೂಲು ಹಾಗೆಯೇ ಬಿದ್ದಿತ್ತು. ಸೀರೆ ಯಾವಾಗ ಅಂತ ಹುಚ್ಚೀರಪ್ಪನೇ ದಿನಾ ಆಳು ಕಳಿಸುತ್ತಿದ್ದ. ಉದ್ಘಾಟನೆಯ ಹಿಂದಿನ ಸಂಜೆ ಹಾಜಿರಾಬಿ ಹೊಳೆಯಪ್ಪನ ಕಟ್ಟೆಗೆ ಹೋಗಿ ಕೂತಳು. ನಾಳೆ ತೋರಣ ಕಟ್ಟಲು ನಸುಕಿನಲ್ಲೇ ಬಾಗಿಲು ತೆಗೆಯುತ್ತಾರೆ, ಒಳಗೆ ಹಾಸು ಹಾಕೋಣ ಅಂದಳು.

ಹೊಳೆಯಪ್ಪ ಗಾಬರಿಯಾದ. ಸಾವಕಾರ ನೂಲು ಕೊಡುವುದು ಬಿಟ್ಟರೆ ಮುಗಿಯಿತು ಅಂದ.

"ನೂಲು ಅವಂದ, ಸೀರಿ ಅವಂದ," ಅಂದಳು ಹಾಜಿರಾಬಿ. "ತನ್ನ ಹಸಿ ಹಾಸು ತಾನ ಕೆಡಸತಾನೇನು? ಗಂಜಿ ನಾ ಪುಕ್ಕಟ ಹಚ್ಚತೇನಿ. ನೀ ಬರೇ ಬಾ."

ಅವನು ಮಗನ ಕಡೆ ನೋಡಿದ. ನೀಲಪ್ಪ ತನ್ನ ಸಣ್ಣ ಕಾಲನ್ನು ತಿಕ್ಕಿಕೊಳ್ಳುತ್ತ ಕೂತಿದ್ದ. ಆತು ಅಂದ ಹೊಳೆಯಪ್ಪ.

ನಸುಕಿನಲ್ಲಿ ಸಮಿತಿಯ ಆಳುಗಳು ಬಾಗಿಲು ತೆಗೆದು, ಮಾವಿನೆಲೆ ಕಟ್ಟಿ, ನೀರು ಹೊಡೆದು ಚಹಾಕ್ಕೆ ಹೋದರು. ಹಾಜಿರಾಬಿ ಗಂಜಿಯ ಕೊಡ ತಂದಳು. ಹಾಸಿನ ಒಂದು ತುದಿಯನ್ನು ಬೇವಿನ ಬೊಡ್ಡೆಗೆ ಕಟ್ಟಿಸಿದಳು. ಇನ್ನೊಂದು ತುದಿಗೆ ಗೌಸಸಾಬನ ಗೂಟ. ಅದನ್ನು ಹೊಸ್ತಿಲಿಗೆ ತಾಗಿ ನಡುವೆ, ಎರಡು ಕದ ಕೂಡುವ ಜಾಗಕ್ಕೆ ಸರಿಯಾಗಿ, ಅವಳೇ ಹೊಡೆದಳು. ಮಕ್ಕಳು ಬಿಳಿ ಅಂಗಿ ಹಾಕಿಕೊಂಡೇ ಬಂದು ಕತ್ತರಿಗಾಲಿನ ಕೋಲು ಹಿಡಿದರು. ಯಾರಿಗೂ ಹೇಳಬೇಕಾಗಲಿಲ್ಲ. ಕಾರಂಜಿ ಅಡ್ಡ ಬಂದಲ್ಲಿ ಅಲ್ಮಾಸಬಿ ಅದರ ಮೇಲೆ ಹತ್ತಿ ನಿಂತು ಎಳೆಗಳನ್ನು ಎತ್ತಿ ಹಿಡಿದಳು. ಆ ಕಾರಂಜಿಯಿಂದ ಆದ ಉಪಯೋಗ ಅದೊಂದೇ.

ದೊಡ್ಡ ಮನುಷ್ಯರು ಬರುವ ಹೊತ್ತಿಗೆ ಹಾಸು ಒದ್ದೆಯಾಗಿ ಮಿನುಗುತ್ತಿತ್ತು. ಹುಚ್ಚೀರಪ್ಪನ ಮುಖ ಕಪ್ಪಾಯಿತು. ಎತ್ತರಿ ಇದನ್ನ ಅಂದ. ಹೊಳೆಯಪ್ಪ ಕೈ ಮುಗಿದು ನಿಂತಿದ್ದ.

"ನಿಮ್ಮ ನೂಲರಿ ಸಾವಕಾರ್ರ. ಹಸಿ ಐತಿ. ಎತ್ತಂದ್ರ ಎತ್ತತೇನಿ."

ನೂಲಿನ ವ್ಯಾಪಾರಿ ಹಸಿ ಹಾಸು ಎತ್ತು ಅಂದ ಅಂತ ಓಣಿಯ ಮುಂದೆ ಆಗಬೇಕೇ? ಅವನು ಪಕ್ಕಕ್ಕೆ ಸರಿದ. ಬಂದವರು ಒಬ್ಬೊಬ್ಬರಾಗಿ, ಹೊಟ್ಟೆ ಒಳಗೆ ಎಳೆದುಕೊಂಡು, ಬಾಗಿಲ ಕದಕ್ಕೆ ಬೆನ್ನು ಹಚ್ಚಿ ಒಳಗೆ ಹೋದರು. ಬಿಳಿ ಧೋತರಗಳಿಗೆ ಗಂಜಿ ಬಡಿಯಿತು. ಭಾಷಣದಲ್ಲಿ ಮಕ್ಕಳೇ ನಾಡಿನ ಸಂಪತ್ತು ಅಂದರು. ಹಾಜಿರಾಬಿ ಕುಂಚ ತಿಕ್ಕುತ್ತ ಕೇಳಿದಳು.

ಮಧ್ಯಾಹ್ನ ಹಾಸು ಒಣಗಿತು, ಹೊಳೆಯಪ್ಪ ಸುತ್ತಿಕೊಂಡು ಹೋದ. ಗೂಟ ಅಲ್ಲಿಯೇ ಉಳಿಯಿತು.

ಆರಕ್ಕೆ ಆಳು ಕೀಲಿ ಹಾಕಲು ಬಂದ. ಕದ ಎಳೆದ, ಗೂಟಕ್ಕೆ ಬಡಿದು ನಿಂತಿತು. ಅವನು ಬಗ್ಗಿ ನೋಡಿದ, ತಲೆಯ ಮೇಲಿನ ಎರಡು ಗೆರೆ ಕಂಡ. ಅವನೂ ಓಣಿಯವನೇ. ಹೋಗಿ ಸಾವಕಾರನನ್ನೇ ಕರೆತಂದ. ಮಕ್ಕಳು ಒಳಗೆ ಸಾಲಾಗಿ ನಿಂತಿದ್ದರು. ಓಣಿಯವರೂ ತಮ್ಮ ತಮ್ಮ ಕಟ್ಟೆಗಳಿಂದ ನೋಡುತ್ತಿದ್ದರು. ಎದ್ದು ಬಂದವರು ಒಬ್ಬರೂ ಇಲ್ಲ. ಹುಚ್ಚೀರಪ್ಪ ಬಗ್ಗಿ ಗೂಟಕ್ಕೆ ಕೈ ಹಾಕಿದ.

"ಸಾವಕಾರ್ರ, ಅದು ಗೌಸಸಾಬಜ್ಜಂದು," ಅಂದ ನೀಲಪ್ಪ, ಗೊತ್ತಿಲ್ಲದವರಿಗೆ ಹೇಳುವ ಹಾಗೆ.

ಹುಚ್ಚೀರಪ್ಪನ ಕೈ ಗೂಟದ ಮೇಲೆ ಸ್ವಲ್ಪ ಹೊತ್ತು ಇತ್ತು. ಗೋಡೆ ಕಟ್ಟಿದವನನ್ನು ಓಣಿ ಹೊಗಳಿತ್ತು. ಗೂಟ ಕಿತ್ತವನ ನೂಲನ್ನು ಮಾತ್ರ ಯಾವ ಮಗ್ಗವೂ ಏರಿಸಿಕೊಳ್ಳುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಕೈ ತೆಗೆದು ಧೋತರಕ್ಕೆ ಒರೆಸಿಕೊಂಡು ಹೋದ.

ಆ ಬಾಗಿಲು ಮತ್ತೆ ಮುಚ್ಚಲಿಲ್ಲ. ಮಾರನೆಯ ದಿನ ಇನ್ನೊಬ್ಬರು ಹಾಸು ತಂದರು, ಅದರ ಮಾರನೆಯ ದಿನ ಮತ್ತೊಬ್ಬರು. ಮುಂಜಾನೆ ಹಾಸಿನದು, ಆಮೇಲೆ ಮಕ್ಕಳದು. ಮಕ್ಕಳು ಮೂಟೆಗಳ ಮೇಲೆ ಹತ್ತಿ ಜಿಗಿಯತೊಡಗಿದ ಮೇಲೆ ಹುಚ್ಚೀರಪ್ಪ ಮೂಟೆ ಖಾಲಿ ಮಾಡಿಸಿದ. ನೀಲಪ್ಪ ತಗಡಿನ ಮಾಡಿನ ಕೆಳಗೆ ಕೂತು ಆಟ ನೋಡುತ್ತಿದ್ದ. ಅವನ ಕಟ್ಟೆ ಆಗಲಿಲ್ಲ. ಎಂಬತ್ತೈದರ ತನಕವೂ ಆಗಲಿಲ್ಲ, ಅಷ್ಟರಲ್ಲಿ ಅವನು ಸೈಕಲ್ಲು ದುರಸ್ತಿಯ ಅಂಗಡಿ ಹಾಕಿದ್ದ. ಗೋಡೆ ಇದೆ, ಗಾಜೂ ಇದೆ. ನಾತವೂ ಇದೆ.

ಓಣಿಯವರು ಈಗ ಬೇರೆ ಊರಿನಿಂದ ಬಂದವರಿಗೆ ಗೂಟ ತೋರಿಸಿ, ನಾವು ಸಾವಕಾರನಿಗೆ ಹೆಂಗ ಬುದ್ಧಿ ಕಲಿಸಿದಿವಿ ಅಂತ ಹೇಳುತ್ತಾರೆ. ಹಾಜಿರಾಬಿ ಅದನ್ನು ಕೇಳಿದರೆ ಮುಖ ತಿರುಗಿಸುತ್ತಾಳೆ. ವಯಸ್ಸು ಅರವತ್ತಾಯಿತು, ಇನ್ನೂ ಗಂಜಿ ಕಾಸುತ್ತಾಳೆ. ಹಚ್ಚಿ ಮುಗಿದ ಮೇಲೆ ಕುಂಚದಲ್ಲಿ ಉಳಿದ ಗಂಜಿಯನ್ನು ಎಲ್ಲಾದರೂ ಬಡಿದು ಉದುರಿಸಬೇಕು. ಅವಳು ಬಾಗಿಲ ಪಕ್ಕದ ಹೆಸರಿನ ಕಲ್ಲಿಗೆ ಬಡಿಯುತ್ತಾಳೆ. ದಿನಾ ಬಡಿಯುತ್ತಾಳೆ. ಪದರದ ಮೇಲೆ ಪದರ ಒಣಗಿ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು ಎಲ್ಲ ಮುಚ್ಚಿಹೋಗಿದ್ದಾರೆ. ಮಳೆಗಾಲದಲ್ಲಿ ಗಂಜಿ ನೆನೆದು ಒಂದೆರಡು ಅಕ್ಷರ ಎದ್ದು ಕಾಣುತ್ತವೆ. ಆಗ ಎರಡು ಸಲ ಬಡಿಯುತ್ತಾಳೆ.